ಮೇನ್ ತಗಿ

ಮೂವತ್ತೊಂದು ವರ್ಷ ತಗಡಿನ ಪ್ರೆಸ್ ಮಶೀನಿನ ಬಾಯಿಗೆ ಕೈ ಕೊಟ್ಟು, ಕೊನೆಗೆ ಹತ್ತೂ ಬೆರಳು ಉಳಿಸಿಕೊಂಡು ರಿಟೈರ್ ಆದವನು ಸಿದ್ದರಾಮಪ್ಪ. ಮುಂಬೈಯ ಕುರ್ಲಾದ ಆ ಗಲ್ಲಿಯಲ್ಲಿ ಇದು ಸಣ್ಣ ಮಾತಲ್ಲ. ಬಣ್ಣದ ಡಬ್ಬಿಗಳಿಗೆ ಮುಚ್ಚಳ ಒತ್ತುವ ಆ ಕಾರ್ಖಾನೆಗೆ ಅವನ ಜೊತೆ ಸೇರಿದ ಏಳು ಜನರಲ್ಲಿ ಇಡೀ ಕೈ ಉಳಿದವನು ಅವನೊಬ್ಬನೇ. ಮದುವೆ ಮನೆಗಳಲ್ಲಿ ಹಳೆಯ ಸಂಗಾತಿಗಳು ಸಿಕ್ಕಾಗ ತಾಟಿನ ಮುಂದೆ ಎರಡೂ ಕೈ ಅಗಲಿಸಿ ಹಿಡಿದು, "ಎಣಿಸ್ಕೋರಿ, ಹತ್ತಕ್ಕ ಹತ್ತು ಅದಾವ" ಎನ್ನುತ್ತಿದ್ದ. ಬೆರಳು ಕಳೆದುಕೊಂಡವರ ಮುಂದೆ ಹಾಗೆ ಹೇಳಬಾರದು ಎಂಬ ಸೂಕ್ಷ್ಮ ಅವನಿಗೆ ಇರಲಿಲ್ಲ. ಜಂಬ ಇತ್ತು, ಅದನ್ನು ಮುಚ್ಚಿಡಲು ಬರುತ್ತಿರಲಿಲ್ಲ.

ಬೆರಳು ಉಳಿದದ್ದು ದೇವರ ದಯೆಯಿಂದ ಎಂದು ಹೆಂಡತಿ ದಾನವ್ವ ನಂಬಿದ್ದಳು. ಅವನು ಮಾತ್ರ, ಉಳಿದದ್ದು ಎರಡು ಮಾತಿನಿಂದ ಎನ್ನುತ್ತಿದ್ದ. ಮಶೀನಿನ ಅಚ್ಚಿನಲ್ಲಿ ತಗಡು ಸಿಕ್ಕಿಕೊಂಡರೆ ಕೈಹಾಕಿ ಕೀಳಬೇಕು. ಅದಕ್ಕೆ ಮೊದಲು ಇನ್ನೊಬ್ಬ ಗೋಡೆಯ ಮೇಲಿನ ಪಿಂಗಾಣಿ ಫ್ಯೂಜನ್ನು ಹಿಡಿದೆಳೆದು ಹೊರಗೆ ತೆಗೆಯಬೇಕು. ಕಾರ್ಖಾನೆಯ ತುಂಬ ವಿಜಯಪುರ ಕಡೆಯ ಜನ. ಮಶೀನಿನ ಬಳಿ ಇದ್ದವನು "ಮೇನ್ ತಗಿ" ಎಂದು ಕೂಗುತ್ತಿದ್ದ. ಗೋಡೆಯ ಬಳಿ ಇದ್ದವನು ಫ್ಯೂಜು ಕಿತ್ತು "ತಗದೆ" ಎನ್ನುತ್ತಿದ್ದ. ಇನ್ನೊಮ್ಮೆ ಕೇಳಬೇಕು, "ತಗದಿ?" ಇನ್ನೊಮ್ಮೆ ಉತ್ತರ ಬರಬೇಕು, "ಹೂಂ, ತಗದೆ." ಆಮೇಲೆ ಮಾತ್ರ ಕೈ ಒಳಗೆ. ಕೆಲಸ ಮುಗಿದ ಮೇಲೆ "ಹಾಕು" ಎಂದರೆ ಫ್ಯೂಜು ಮತ್ತೆ ಗೂಡಿಗೆ, ಮಶೀನು ಚಾಲೂ. ಈ ಪದ್ಧತಿಯನ್ನು ಹೊಡೆದು ಬಡಿದು ಕಲಿಸಿದವನು ಫೋರ್‌ಮನ್ ಯಲ್ಲಾಲಿಂಗ. ಎರಡನೆಯ ಸಲ ಕೇಳುವಷ್ಟು ಪುರುಸೊತ್ತು ಇಲ್ಲದವರೇ ಬೆರಳು ಕಳೆದುಕೊಂಡದ್ದು ಎಂದು ಸಿದ್ದರಾಮಪ್ಪ ತೀರ್ಪು ಕೊಟ್ಟುಬಿಟ್ಟಿದ್ದ.

ಕಾರ್ಖಾನೆಯಿಂದ ಮನೆಗೆ ಬಂದರೆ ಅವನ ಕನ್ನಡವನ್ನು ಕೇಳುವವರು ಇರಲಿಲ್ಲ. ಮಗಳು ಶೈಲಾ, ಮಗ ಸಂತು, ಇಬ್ಬರೂ ಚಾಳದಲ್ಲಿ ಹುಟ್ಟಿ ಚಾಳದಲ್ಲಿ ಆಡಿ ಬೆಳೆದವರು. "ಊಟ ಆತೇನೋ?" ಎಂದರೆ "ಹಾಂ ಪಪ್ಪಾ, ಖಾ ಲಿಯಾ" ಎಂದು ಉತ್ತರ. ಗದರಿಸಿ ನೋಡಿದ, ಪುಸಲಾಯಿಸಿ ನೋಡಿದ, ಬೇಸಿಗೆ ರಜೆಯಲ್ಲಿ ಇಂಡಿ ತಾಲ್ಲೂಕಿನ ತನ್ನ ಊರಿಗೆ ಕಳಿಸಿಯೂ ನೋಡಿದ. ಮಕ್ಕಳು ಹೋದ ಹಾಗೆಯೇ ವಾಪಸ್ ಬಂದರು, ಊರಿನ ನಾಲ್ಕು ಹುಡುಗರಿಗೆ ಹಿಂದಿ ಕಲಿಸಿಯೂ ಬಂದರು. ಅಲ್ಲಿಗೆ ಅವನು ಕೈಬಿಟ್ಟ. ಗಂಡ ಹೆಂಡತಿ ಇಬ್ಬರೇ ತಮ್ಮ ಭಾಷೆಯಲ್ಲಿ ಜಗಳವಾಡಿ, ತಮ್ಮ ಭಾಷೆಯಲ್ಲೇ ರಾಜಿಯಾಗಿ ದಿನ ನೂಕಿದರು. ಶೈಲಾ ಮದುವೆಯಾಗಿ ಕಲ್ಯಾಣಕ್ಕೆ ಹೋದಳು. ಸಂತು ಕೊರಿಯರ್ ಕಂಪನಿ ಸೇರಿದ. ಮುಲುಂಡಿನ ಬಿಲ್ಡಿಂಗುಗಳಿಗೆ ಪಾರ್ಸೆಲ್ ಹಂಚುತ್ತ ಹಂಚುತ್ತ ಅಲ್ಲಿಯ ಒಬ್ಬ ಮರಾಠಿ ಹುಡುಗಿಯ ಮನಸ್ಸು ಗೆದ್ದು ಮದುವೆಯಾಗಿ ಕರೆದುಕೊಂಡು ಬಂದ. ಅವಳೇ ವಿಜೇತಾ.

ದಾನವ್ವ ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದಳು. ನಾಲ್ಕನೆಯ ದಿನ ಸೊಸೆ ಒಲೆಕಟ್ಟೆಯ ಬಳಿ ಬಂದು ನಿಂತು, "ಅತ್ತಿ, ನನಗ ಕನ್ನಡಾ ಕಲಸ್ರಿ" ಎಂದಳು. ನಾದಿನಿಗೆ ಫೋನ್ ಮಾಡಿ, ಕೇಳಿ ಬಾಯಿಪಾಠ ಮಾಡಿಕೊಂಡ ವಾಕ್ಯವಂತೆ. ಶೈಲಾಳಿಗೆ ಅಷ್ಟು ಕನ್ನಡ ಬರುತ್ತಿತ್ತು ಎಂಬುದೇ ಸಿದ್ದರಾಮಪ್ಪನಿಗೆ ಹೊಸ ಸುದ್ದಿ. ದಾನವ್ವ ಕರಗಿ ನೀರಾದಳು. ಅಂದಿನಿಂದ ಅಡುಗೆ ಮನೆಯೇ ಶಾಲೆ. ಡಬ್ಬಿ ತಗಿ, ಡಬ್ಬಿ ಮುಚ್ಚು. ಬಾಗ್ಲಾ ತಗಿ, ಬಾಗ್ಲಾ ಹಾಕು. ನಳಾ ತಗಿ, ಬಕೀಟು ಹಚ್ಚು. ವಿಜೇತಾ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮರಾಠಿ ಅಕ್ಷರಗಳಲ್ಲಿ ಎಲ್ಲವನ್ನೂ ಬರೆದುಕೊಂಡಳು. ಅವಳ ಲೆಕ್ಕದಲ್ಲಿ 'ತಗಿ' ಎಂದರೆ ತೆರೆಯುವುದು, ಶುರುಮಾಡುವುದು. ತಪ್ಪೇನಿರಲಿಲ್ಲ. ಅಡುಗೆ ಮನೆಯಲ್ಲಿ ಅದರ ಅರ್ಥ ಅದೇ.

ವರ್ಷದೊಳಗೇ ಅವಳು ನಿರರ್ಗಳವಾಗಿ ಮಾತಾಡತೊಡಗಿದಳು. "ಮಾವಾರು ಬಂತು, ಚಹಾ ಇಡ್ತೀನಿ" ಎಂದಾಗ ಮನೆಯೆಲ್ಲ ನಗುತ್ತಿತ್ತು, ಅವಳೂ ನಗುತ್ತಿದ್ದಳು, ಮರುದಿನ ಮತ್ತೆ ಮಾವಾರು ಬರುತ್ತಲೇ ಇತ್ತು. ಸಿದ್ದರಾಮಪ್ಪ ಅದನ್ನು ತಿದ್ದಲಿಲ್ಲ. ಹೆತ್ತ ಮಕ್ಕಳ ಬಾಯಲ್ಲಿ ಬಾರದ ಮಾತು ಸೊಸೆಯ ಬಾಯಲ್ಲಿ ಬಂದಿತ್ತು. ಅದರ ಲಿಂಗ ವಚನ ಹಿಡಿದು ಏನು ಮಾಡುವುದು? ಮೊಮ್ಮಗಳು ರಾಧಿಕಾ ಹುಟ್ಟಿದ ಮೇಲೆ ಅವಳ ಬಾಯಿಂದಲೂ ಕನ್ನಡವೇ ಬಂತು. ಅವನನ್ನು ವಿಜಯಪುರದ ಮಕ್ಕಳ ಹಾಗೆ "ಮುತ್ಯಾ" ಎಂದಳು. ದಾನವ್ವನನ್ನು "ಆಯಿ" ಎಂದಳು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಮಗು "ಆಯೀ" ಎಂದು ಅತ್ತರೆ ಅತ್ತೆ ಸೊಸೆ ಇಬ್ಬರೂ ಎದ್ದು ಓಡುತ್ತಿದ್ದರು, ಬಾಗಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಸಿದ್ದರಾಮಪ್ಪ ಇದನ್ನು ಕುರ್ಲಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಲೋಕಲ್ ಕಾಯುವ ಗುರುತಿಲ್ಲದವರಿಗೂ ಹೇಳುತ್ತಿದ್ದ. ಅವನ ಬಾಳಿನಲ್ಲಿ ಅಷ್ಟು ಸುಖದ ಕಾಲ ಬೇರೆ ಬಂದಿರಲಿಲ್ಲ.

ಇನ್ನು ಕೇಬಲ್ಲಿನ ಕತೆ. ಅವರದು ಬೈಠೀ ಚಾಳ, ಅಂದರೆ ಮೇಲೆ ಮಹಡಿಯಿಲ್ಲದೆ ಹದಿನಾರು ಖೋಲಿಗಳು ಸಾಲಾಗಿ ನೆಲದ ಮೇಲೇ ಇರುವಂಥದು. ಒಂದೊಂದು ಖೋಲಿಯ ಮುಂದೆ ಒಂದು ತುಂಡು ಅಂಗಳ. ಹದಿನಾರು ಮನೆಗಳ ಮೀಟರುಗಳು ಚಾಳದ ತುದಿಯ ಗೋಡೆಯಲ್ಲಿ, ತಗಡಿನ ಬಾಗಿಲಿನ ಪೆಟ್ಟಿಗೆಯೊಳಗೆ. ಅಲ್ಲಿಂದ ಪ್ರತಿ ಮನೆಗೂ ಕೇಬಲ್ ಗೋಡೆ ಹಿಡಿದು ಬರುತ್ತಿತ್ತು. ಎರಡು ವರ್ಷದ ಹಿಂದೆ ಗಟಾರ ಅಗೆಯಲು ಬಂದವರು ಅಡ್ಡಗೋಡೆ ಕೆಡವಿ ಹೋದರು. ಸಿದ್ದರಾಮಪ್ಪನ ಕೇಬಲ್ ಹಿಡಿದಿದ್ದ ಕ್ಲಾಂಪುಗಳೂ ಜೊತೆಗೆ ಹೋದವು. ಕೇಬಲ್ ನೆಲಕ್ಕೆ ಬಂತು. ಅಂಗಳದ ನಡುವೆ ಮೂರು ಮಾರು ಉದ್ದ ಬಿಸಿಲಿಗೆ ಮಳೆಗೆ ಬಿದ್ದುಕೊಂಡಿತು. ಮೀಟರಿನವರೆಗೆ ನಮ್ಮದು, ಮುಂದಿನದು ನಿಮ್ಮದು ಎಂದು ಕರೆಂಟಿನವರು ಅಂದರು. ಚಾಳ ಒಡೆದು ಟವರ್ ಕಟ್ಟುವುದಿದೆ, ಈಗ ಯಾಕೆ ಖರ್ಚು ಎಂದು ಮಾಲೀಕ ಅಂದ. ಎಲೆಕ್ಟ್ರಿಕ್ ಅಂಗಡಿಯ ವೈರ್‌ಮನ್ ಮನೀಶ್, ನಾಳೆ ಬರ್ತೀನಿ ಅಂದ. ಅವನ ನಾಳೆಗಳು ಎಷ್ಟೋ ಆಗಿಹೋದವು.

ಬಿಸಿಲಿಗೆ ಮೇಲಿನ ರಬ್ಬರು ಬಿರಿಯಿತು, ಹೆಗ್ಗಣ ಹಲ್ಲು ಹಾಕಿತು, ಒಂದು ಕಡೆ ಬೆರಳಗಲ ತಾಮ್ರ ಕಾಣತೊಡಗಿತು. ರಾಧಿಕಾಳಿಗೆ ಆಗ ಮೂರೂವರೆ ವರ್ಷ, ಅಂಗಳದಲ್ಲೇ ಅವಳ ಆಟ. ಸಿದ್ದರಾಮಪ್ಪ ಮೇಲೆ ಹಲಗೆ ಮುಚ್ಚಿದ, ಇಟ್ಟಿಗೆ ಇಟ್ಟ, ಸೈಕಲ್ ಟ್ಯೂಬು ಸುತ್ತಿದ. ಜೂನ್ ಹತ್ತಿರ ಬಂತು. ಅವನಿಗೆ ನಿದ್ದೆ ಹತ್ತದಾಯಿತು. ಕೊನೆಗೆ, ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ, ಕೇಬಲ್ಲನ್ನು ಅದರೊಳಗೆ ಕೂಡಿಸಿ, ನೆಲ ತೋಡಿ ಹೂತುಬಿಡುವುದೆಂದು ತಾನೇ ನಿರ್ಧರಿಸಿದ. ಪ್ರೆಸ್ ಮಶೀನು ಬಿಚ್ಚಿ ಕಟ್ಟಿದವನಿಗೆ ಒಂದು ಪೈಪು ಏನು ಮಹಾ.

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಅವನು ಪೈಪು ತರಲು ಹಾರ್ಡ್‌ವೇರ್ ಅಂಗಡಿಗೆ ಹೋದ. ಹಿಂದಿನ ದಿನ ಮೊದಲ ಮಳೆ ಬಿದ್ದು ಕೇಬಲ್ಲಿನ ಬದಿಗೆ ನೀರು ನಿಂತಿತ್ತು. ಕೆಲಸಕ್ಕೆ ಹೊರಟ ಸಂತು ಅದನ್ನು ಕಂಡು, ಮೀಟರ್ ಪೆಟ್ಟಿಗೆಯಲ್ಲಿ ತಮ್ಮ ಮನೆಯ ಮೇನ್ ಸ್ವಿಚ್ಚನ್ನು ಆರಿಸಿ, ಹೆಂಡತಿಗೆ ಮರಾಠಿಯಲ್ಲಿ "ಮೇನ್ ಬಂದ ಕೇಲಾಯ" ಎಂದು ಹೇಳಿ ಓಡಿದ. ಅಪ್ಪನಿಗೂ ಫೋನ್ ಮಾಡಿರುತ್ತಾನೆ ಎಂದು ವಿಜೇತಾ ತಿಳಿದಳು. ಹೆಂಡತಿ ಹೇಳುತ್ತಾಳೆ ಎಂದು ಅವನು ತಿಳಿದ. ದಾನವ್ವ ಬೆಳಗಿನಿಂದ ಹೊಸ್ತಿಲ ಹೊರಗೆ ಮಗುವಿನ ಜೊತೆ ಕೂತು ಅಕ್ಕಿ ಆರಿಸುತ್ತಿದ್ದಳು, ಒಳಗೆ ಫ್ಯಾನು ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ.

ಸಿದ್ದರಾಮಪ್ಪ ಪೈಪು ತಂದವನೇ ನೇರ ಅಂಗಳಕ್ಕೆ ಇಳಿದ. ಗುದ್ದಲಿಯಿಂದ ನೆಲ ತೋಡಿದ. ಗರಗಸದಿಂದ ಪೈಪು ಸೀಳಿದ. ಇನ್ನು ಪೈಪು ಕೂಡಿಸುವ ಮೊದಲು ತಾಮ್ರ ಕಾಣುವ ಜಾಗಕ್ಕೆ ಟೇಪು ಸುತ್ತಬೇಕು. ಮಂಡಿಯೂರಿ ಕೂತು, ಎಡಗೈಯಲ್ಲಿ ಪೈಪಿನ ಸೀಳು ಅಗಲಿಸಿ ಹಿಡಿದು, ಒಳಗಿದ್ದ ಸೊಸೆಯನ್ನು ಕರೆದ.

"ವಿಜೇತಾ, ಮೀಟರ್ ಪೆಟ್ಟಿಗಿ ಹಂತ್ಯಾಕ ಹೋಗವ್ವಾ. ನಮ್ಮ ಮೇನ್ ತಗಿ."

ಅವನ ತಲೆಯಲ್ಲಿ ಕರೆಂಟು ಇದೆ. ಅವಳ ತಲೆಯಲ್ಲಿ ಕರೆಂಟು ಇಲ್ಲ, ಬೆಳಗಿನಿಂದ ಇಲ್ಲ. ಮಾವ ಒಂದು ಗಂಟೆಯಿಂದ ಕೆಲಸ ಮಾಡುತ್ತಿದ್ದಾರೆ, ಮುಗಿದಿರಬೇಕು, ಚಾಲೂ ಮಾಡು ಅನ್ನುತ್ತಿದ್ದಾರೆ ಎಂದುಕೊಂಡು ಅವಳು ಹೋದಳು. ಚಾಳದ ತುದಿಗೆ ತಿರುವಿನಲ್ಲಿ ಪೆಟ್ಟಿಗೆ. ಅಲ್ಲಿಂದ ಅಂಗಳ ಕಾಣುವುದಿಲ್ಲ. ತಗಡಿನ ಬಾಗಿಲು ತೆರೆದಳು. ಸ್ವಿಚ್ಚು ಕೆಳಗಿತ್ತು. ಮೇಲೆತ್ತಿ ಚಾಲೂ ಮಾಡಿದಳು.

"ತಗದೀನ್ರಿ ಮಾವಾರ!"

"ತಗದಿ? ಖರೇ?"

"ಹೂನ್ರಿ, ತಗದೆ!"

ಎರಡು ಸಲ ಕೇಳಿದ. ಎರಡು ಸಲ ಉತ್ತರ ಬಂತು. ಯಲ್ಲಾಲಿಂಗ ಕಲಿಸಿದ್ದರಲ್ಲಿ ಒಂದಕ್ಷರ ತಪ್ಪಲಿಲ್ಲ. ಟೆಸ್ಟರ್ ಕಿಟಕಿಯ ಮೇಲಿತ್ತು, ಎದ್ದು ತರಲು ಮಂಡಿ ನೋವು. ಸಿದ್ದರಾಮಪ್ಪ ಬಲಗೈಯಲ್ಲಿ ಟೇಪು ಹಿಡಿದು ಕೇಬಲ್ಲನ್ನು ಮುಷ್ಟಿಯಲ್ಲಿ ಎತ್ತಿದ.

ದಾನವ್ವನ ಚೀರಾಟ ಕೇಳಿದಾಗ ವಿಜೇತಾಳ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಯಾಕೆ ಏನು ಎಂದು ತಿಳಿಯುವ ಮೊದಲೇ ಅದನ್ನು ಕೆಳಗೆ ಎಳೆದಳು. ಅದರಿಂದಲೇ ಅವನು ಬದುಕಿದ. ಡಾಕ್ಟರರೂ ಹಾಗೇ ಅಂದರು, ಇನ್ನೊಂದು ನಾಲ್ಕು ಸೆಕೆಂಡ್ ಆಗಿದ್ದರೆ ಇಲ್ಲಿಗೆ ತರುವ ಅಗತ್ಯ ಇರುತ್ತಿರಲಿಲ್ಲ ಎಂದು. ಆದರೆ ಆ ಮಾತನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಬಲಗೈಯ ಮೂರು ಬೆರಳು ಸುಟ್ಟು ಕಪ್ಪಾಗಿದ್ದವು. ಮರುದಿನ ಕತ್ತರಿಸಿದರು. ಉಳಿದ ಎರಡು ಅಂಗೈಯೊಳಗೆ ಮಡಚಿಕೊಂಡು ಹಾಗೇ ನಿಂತವು.

ಆಸ್ಪತ್ರೆಯ ಪಡಸಾಲೆಯಲ್ಲಿ ವಿಜೇತಾ ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ಅವಳಿಗೆ ಏನಾಯಿತೆಂಬುದೇ ಇನ್ನೂ ತಿಳಿದಿರಲಿಲ್ಲ. "ಅತ್ತಿ, ಮಾವಾರು ತಗಿ ಅಂದ್ರು. ನಾ ತಗದೆ" ಎಂದಳು, ಮತ್ತೆ ಮತ್ತೆ ಅಷ್ಟನ್ನೇ. ಸಂತು, ಶೈಲಾ, ಚಾಳದ ನಾಲ್ಕು ಜನ, ಎಲ್ಲರೂ ಇದ್ದರು. ಎಲ್ಲರ ಮುಂದೆ ದಾನವ್ವ ತಿರುಗಿ ನೋಡಿ ಹೇಳಿದಳು:

"ನಿನಗ ಕನ್ನಡಾ ಕಲಸಿದ್ದ ನನ್ನ ತಪ್ಪಾತು."

ಅಷ್ಟೇ. ಬೈಗುಳ ಒಂದೂ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ಎರಡು ದಿನಕ್ಕೆ ಆರಿಹೋಗುತ್ತದೆ. ವಿಜೇತಾ ಬಾಯಿ ಮುಚ್ಚಿದಳು. "ನಾ ತಗದೆ" ಎಂಬುದೇ ಅವಳು ಆಡಿದ ಕೊನೆಯ ಕನ್ನಡ ಮಾತಾಯಿತು.

ಹತ್ತೊಂಬತ್ತು ದಿನಕ್ಕೆ ಸಿದ್ದರಾಮಪ್ಪ ಮನೆಗೆ ಬಂದಾಗ ಚಾಳದಲ್ಲಿ ಬೇರೆಯೇ ಕತೆ ಹುಟ್ಟಿ ನಡೆದಾಡುತ್ತಿತ್ತು. ಚಾಳ ಒಡೆದರೆ ಖೋಲಿ ಯಾರ ಹೆಸರಲ್ಲಿದೆಯೋ ಅವರಿಗೆ ಟವರಿನಲ್ಲಿ ಫ್ಲ್ಯಾಟು. ಮುದುಕ ಹೋದರೆ ಫ್ಲ್ಯಾಟು ಮಗನಿಗೆ. ಸೊಸೆಯೇ ಕರೆಂಟು ಬಿಟ್ಟಳಲ್ಲ? ನಳದ ಬಳಿ ಇಂದ್ರಾಬಾಯಿ ಎಂಬ ನೆರೆಯವಳು ಇದನ್ನು ಪ್ರಶ್ನೆಯ ಹಾಗೆ ಕೇಳಿದಳಂತೆ, ಸಂಜೆಯೊಳಗೆ ಅದು ಉತ್ತರವಾಗಿ ಎಲ್ಲ ಖೋಲಿ ತಿರುಗಿತು. ಜನರಿಗೆ ಬೇರೆ ಉದ್ಯೋಗ ಇರಲಿಲ್ಲ ಎಂದು ಹೇಳುವ ಹಾಗೂ ಇಲ್ಲ, ಎಲ್ಲರಿಗೂ ಉದ್ಯೋಗ ಇತ್ತು. ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಆಡಿಕೊಂಡರು.

ಅವನು ಮನೆ ಮನೆಗೆ ಹೋಗಿ ತಿಳಿಸಿ ಹೇಳಲು ನೋಡಿದ. ಇಂದ್ರಾಬಾಯಿಗೆ ಹಿಂದಿಯಲ್ಲಿ ಹೇಳಹೋದ. "ಹಮಾರೇ ಮೇ ತಗಿ ಬೋಲೇ ತೋ ಬಂದ್ ಭೀ ಹೋತಾ ಹೈ, ಖೋಲ್ನಾ ಭೀ ಹೋತಾ ಹೈ" ಎಂದ. ಬಂದ್ ಎನ್ನುವುದಕ್ಕೂ ತೆರೆ ಎನ್ನುವುದಕ್ಕೂ ಒಂದೇ ಮಾತೇ ಎಂದು ಅವಳು ಅವನನ್ನು ಕರುಣೆಯಿಂದ ನೋಡಿದಳು. ಪಾಪ, ಮುದುಕ ಸೊಸೆಯನ್ನು ಕಾಪಾಡುತ್ತಿದ್ದಾನೆ ಎಂದು ತಿಳಿದಳು. ಕನ್ನಡ ಬಲ್ಲವರಿಗಾದರೂ ತಿಳಿದೀತು ಎಂದು ಹಿಂದಿನ ಸಾಲಿನ ಬೆಳಗಾವಿ ಕಡೆಯ ನೀಲಾಬಾಯಿಯ ಬಳಿ ಹೋದ. ಅವಳು ಒಪ್ಪಲೇ ಇಲ್ಲ. "ಲೈಟ್ ತಗಿ ಅಂದ್ರ ಆರಿಸು ಅಂತ ಸಣ್ಣ ಕೂಸಿಗೂ ಗೊತ್ತಾಗ್ತದಲ್ಲೋ ಅಣ್ಣಾ. ನಾಕ ವರ್ಷ ಕಲ್ತಾಕಿಗಿ ಗೊತ್ತಾಗಲಿಲ್ಲೇನು?" ಎಂದಳು. ಗೊತ್ತಾಗಲಿಲ್ಲ, ಯಾಕಂದರೆ ಅವನ ಮನೆಯಲ್ಲಿ ಲೈಟಿಗೆ ಯಾರೂ 'ತಗಿ' ಅನ್ನುತ್ತಿರಲಿಲ್ಲ. ಮುಂಬೈಯ ಎಲ್ಲರ ಹಾಗೆ ಬಂದ್ ಮಾಡು, ಚಾಲೂ ಮಾಡು ಅನ್ನುತ್ತಿದ್ದರು. 'ಮೇನ್ ತಗಿ' ಎಂಬುದು ಕಾರ್ಖಾನೆಯ ಕನ್ನಡ. ಅದು ಸೊಸೆಗೆ ಗೊತ್ತಿಲ್ಲ ಎಂಬುದು ತನಗೇ ಹೊಳೆಯಲಿಲ್ಲ. ಇದನ್ನು ನೀಲಾಬಾಯಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಕುಕ್ಕರ್ ಸೀಟಿ ಹೊಡೆಯಿತು.

ಬೆಳಿಗ್ಗೆ ಮೇನ್ ಆರಿಸಿದ್ದು ತಾನೇ ಎಂದು ಸಂತು ಮೂರನೆಯ ದಿನವೇ ಒಪ್ಪಿಕೊಂಡಿದ್ದ. ದಾನವ್ವನಿಗೂ ಆಗ ಎಲ್ಲ ತಿಳಿಯಿತು. ಸೊಸೆಯ ಮುಂದೆ ಹೋಗಿ, "ಸಿಟ್ಟಿನ್ಯಾಗ ಅಂದೆ ಯವ್ವಾ, ಮನಸ್ನ್ಯಾಗ ಇಟ್ಕೋಬ್ಯಾಡ" ಎಂದು ಕಣ್ಣೀರು ಹಾಕಿದಳು. ವಿಜೇತಾ ಅತ್ತೆಯ ಕೈ ಹಿಡಿದು, ಮರಾಠಿಯಲ್ಲಿ, ಪರವಾಗಿಲ್ಲ ಎಂದಳು. ಅವಳಿಗೆ ಸಿಟ್ಟೂ ಇರಲಿಲ್ಲ. ಕೆಲಸದಲ್ಲಿ ಯಾವ ಕೊರತೆಯೂ ಇಲ್ಲ. ಹೊತ್ತಿಗೆ ಸರಿಯಾಗಿ ಮಾವನಿಗೆ ಔಷಧ, ಬಿಸಿನೀರು, ತುತ್ತು ಮಾಡಿ ಕಲಸಿಟ್ಟ ಅನ್ನ. "ಜೇವಣ ತಯಾರ ಆಹೇ, ಬಾಬಾ" ಎಂದು ಊಟಕ್ಕೆ ಕರೆಯುತ್ತಿದ್ದಳು. ಮಾವಾರು ಹೋಗಿ ಬಾಬಾ ಆಗಿತ್ತು. ದಾನವ್ವ ಉಪ್ಪು ಕೇಳಿದರೆ ಉಪ್ಪು ಬರುತ್ತಿತ್ತು. ಅಂದರೆ ಕನ್ನಡ ಕಿವಿಗೆ ಬೀಳುತ್ತಿತ್ತು, ಅರ್ಥವೂ ಆಗುತ್ತಿತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಡ್ರೆಸ್ಸಿಂಗ್ ಮಾಡಿಸಿಕೊಂಡು ಬಂದ ಸಿದ್ದರಾಮಪ್ಪ ಮುಚ್ಚಿದ ಬಾಗಿಲ ಮುಂದೆ ನಿಂತು, ರೂಢಿಯಿಂದ, "ವಿಜೇತಾ, ಬಾಗ್ಲಾ ತಗಿಯವ್ವಾ" ಎಂದ. ಒಳ ಮಗ್ಗುಲಿಗೆ ಬಳೆಯ ಸದ್ದಾಯಿತು. ಆಮೇಲೆ ಏನೂ ಇಲ್ಲ. ಬಾಗಿಲು ತೆರೆಯಲಿಲ್ಲ. ಅವನು ಮಳೆಯಲ್ಲಿ ನಿಂತೇ ಇದ್ದ. ಹಿಂದಿನಿಂದ ಬಂದ ದಾನವ್ವ ಬಾಗಿಲು ಬಡಿದಳು, ಕೂಗಿದಳು, ಕೊನೆಗೆ ತೆರೆದದ್ದು ನಿದ್ದೆಯಿಂದ ಎದ್ದ ಮಗು, ಸ್ಟೂಲು ಹತ್ತಿ. ವಿಜೇತಾ ಅಲ್ಲೇ ಇದ್ದಳು. ಚಿಲಕದ ಪಕ್ಕದ ಚೌಕಟ್ಟಿಗೆ ಅಂಗೈ ಒತ್ತಿ ಹಿಡಿದು ನಿಂತಿದ್ದಳು. ತೆರೆಯಲೋ ಹಾಕಲೋ ಎಂದು ಅವಳಿಗೆ ತಿಳಿಯದೆ ಹೋಗಿತ್ತು. ಆ ದಿನದಿಂದ ಸಿದ್ದರಾಮಪ್ಪ ಮಾತಾಡದೆ ಬಾಗಿಲು ಬಡಿಯುವುದನ್ನು ಕಲಿತ.

ಆದರೂ ಅವನಿಗೆ ಆಸೆ ಬಿಡಲಿಲ್ಲ. ಬೆರಳು ಹೋದದ್ದು ಹೋಯಿತು, ಅದನ್ನು ಅವನು ಒಪ್ಪಿಕೊಂಡಿದ್ದ. ಸೊಸೆಯ ಬಾಯಲ್ಲಿ ತನ್ನ ಮಾತು ಸತ್ತುಹೋಗುವುದನ್ನು ಒಪ್ಪಿಕೊಳ್ಳಲು ಆಗಲಿಲ್ಲ. ದಾನವ್ವ ರೇಷನ್ ಅಂಗಡಿಗೆ ಹೋದ ಹೊತ್ತು ನೋಡಿ ಸೊಸೆಯನ್ನು ಎದುರು ಕೂಡಿಸಿಕೊಂಡ.

"ನೋಡವಾ, ತಪ್ಪು ನಂದದ. ಟೆಸ್ಟರ್ ಹಚ್ಚಿ ನೋಡಬೇಕಿತ್ತು, ನೋಡಲಿಲ್ಲ. ನೀ ಒಂದ ಮಾತು ಆಡು. ಬರೇ ಒಂದ. ಚಹಾ ಕುಡೀತೀರಿ ಅಂತ ಕೇಳು, ಸಾಕು ನನಗ."

ವಿಜೇತಾ ಸೀರೆಯ ಸೆರಗು ಸರಿಮಾಡಿಕೊಂಡಳು. ಆಮೇಲೆ ಮರಾಠಿಯಲ್ಲಿ, ತಗ್ಗಿದ ದನಿಯಲ್ಲಿ ಹೇಳಿದಳು. ನೀವು ಎರಡು ಸಲ ಕೇಳಿದಿರಿ, ಬಾಬಾ. ಎರಡು ಸಲವೂ ನಾನು ನಿಜವನ್ನೇ ಹೇಳಿದೆ. ಸುಳ್ಳು ಹೇಳಿ ಹೀಗಾಗಿದ್ದರೆ ಇನ್ನು ಮುಂದೆ ನಿಜ ಹೇಳುತ್ತಿದ್ದೆ. ನಿಜ ಹೇಳಿಯೇ ಹೀಗಾಯಿತು. ಇನ್ನು ಆ ಭಾಷೆಯಲ್ಲಿ ನಾನು ಏನು ಹೇಳಲಿ? ರಾಧಿಕಾಳೂ ಅದನ್ನು ಕಲಿಯುವುದು ಬೇಡ. ಅವಳು ಒಂದು ಮಾತಿಗೆ ಒಂದೇ ಅರ್ಥ ಇರುವ ಹಾಗೆ ಬೆಳೆಯಲಿ.

ಹಾಗೆ ಯಾವ ಭಾಷೆಯೂ ಇಲ್ಲ ತಾಯಿ, ಮರಾಠಿಯೂ ಹಾಗಿಲ್ಲ, ಎಂದು ಹೇಳಬೇಕು ಅನ್ನಿಸಿತು ಅವನಿಗೆ. ಆದರೆ ಅವನು ಏಳನೆಯ ಇಯತ್ತೆ ಓದಿದವನು. ಉದಾಹರಣೆ ಕೊಡು ಎಂದರೆ ಏನು ಕೊಡುವುದು? ಅವಳ ಎದುರಿಗೇ ಅವನ ಬಲಗೈ ಮಡಿಲಲ್ಲಿತ್ತು. "ಆತು ಬಿಡವಾ" ಎಂದು ಎದ್ದ.

ಮಗುವಿನ ಬಾಯಿಂದ ಕನ್ನಡ ಬೇಗ ಇಳಿದುಹೋಯಿತು. ಆ ವಯಸ್ಸಿನಲ್ಲಿ ಬರುವುದೂ ಬೇಗ, ಹೋಗುವುದೂ ಬೇಗ. "ಮುತ್ಯಾ" ಎಂದು ಬಂದರೆ ತಾಯಿ ಪಕ್ಕದಿಂದ, "ಆಜೋಬಾ ಮ್ಹಣ" ಎಂದು ಮರಾಠಿಯ ಅಜ್ಜನನ್ನು ಹೇಳಿಕೊಡುತ್ತಿದ್ದಳು, ಮೆತ್ತಗೆ, ಕೂದಲು ಬಾಚುತ್ತ, ಹಾಲು ಕುಡಿಸುತ್ತ. ನವರಾತ್ರಿಯ ಹೊತ್ತಿಗೆ ಮಗು ಅರೆ ಕ್ಷಣ ಯೋಚಿಸಿ "ಆಜೋಬಾ" ಎನ್ನತೊಡಗಿತು. ದೀಪಾವಳಿಯ ಹೊತ್ತಿಗೆ ಯೋಚಿಸುವುದನ್ನೂ ಬಿಟ್ಟಿತು. ದಾನವ್ವ 'ಆಯಿ' ಹೋಗಿ ಮರಾಠಿಯ 'ಆಜಿ' ಆದಳು. ಬಾಗಿಲಲ್ಲಿ ಈಗ ಯಾರೂ ಯಾರಿಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ.

ಕೇಬಲ್ ಮಾತ್ರ ಹಾಗೆಯೇ ಇತ್ತು. ಅನಾಹುತದ ಮರುವಾರ ಮನೀಶ್ ಬಂದ, ಟೇಪು ಸುತ್ತಿ, ಒಂದು ಮಾರು ಕೇಬಲ್ಲನ್ನು ಪೈಪಿಗೆ ಕೂಡಿಸಿ ಮೇನ್ ಚಾಲೂ ಮಾಡಿದ, ಇಡೀ ಕೇಬಲ್ಲೇ ಬದಲಿಸಬೇಕು ಎಂದ. ಮಾಲೀಕ ಮತ್ತೆ ಟವರಿನ ಮಾತು ತೆಗೆದ. ಸಂತು ಪ್ರತಿ ರವಿವಾರ, ಮುಂದಿನ ರವಿವಾರ ಮಾಡಿಸೋಣ ಎಂದ. ಆ ಅಂಗಳಕ್ಕೆ ಇಳಿಯಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ ಎಂಬುದು ಸಿದ್ದರಾಮಪ್ಪನಿಗೂ ಗೊತ್ತಿತ್ತು. ಒಂದು ಮಾರು ಕೇಬಲ್ ಸೀಳಿದ ಪೈಪಿನೊಳಗೆ, ಉಳಿದ ಎರಡು ಮಾರು ಹೊರಗೆ. ಮನೀಶನ ಟೇಪನ್ನು ಹೆಗ್ಗಣ ಬಿಚ್ಚಿತು. ಉಳಿದದ್ದನ್ನು ಎಡಗೈಯಿಂದ ಪೈಪಿಗೆ ಕೂಡಿಸಲು ಸಿದ್ದರಾಮಪ್ಪ ಒಮ್ಮೆ ನೋಡಿದ, ಇಷ್ಟೂ ದಿನ ಬಲಗೈ ಮಾಡಿದ ಕೆಲಸ ಎಡಗೈಗೆ ಬರಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಕುರ್ಚಿ ತಂದು ಕೇಬಲ್ಲಿನ ಪಕ್ಕ ಹಾಕಿಕೊಂಡು ಕೂತ. ಬೆಳಿಗ್ಗೆ ಮಗು ಅಂಗಳಕ್ಕೆ ಇಳಿಯುವಾಗ ಕೂತರೆ, ಮಗು ಒಳಗೆ ಹೋದ ಮೇಲೆ ಏಳುವುದು. ಕೇಬಲ್ ಕಾಯುವುದು ಬಿಟ್ಟರೆ ಅವನಿಗೆ ಬೇರೆ ಕೆಲಸ ಇರಲಿಲ್ಲ. ಸ್ಟೇಷನ್ನಿನ ಬೆಂಚಿಗೂ ಹೋಗುವುದನ್ನು ಬಿಟ್ಟಿದ್ದ. ಅಲ್ಲಿ ಹೋಗಿ ಹೇಳುವುದಾದರೂ ಏನು?

ಹೀಗೆ ಎರಡನೆಯ ಮಳೆಗಾಲ ಬಂತು. ಒಂದು ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ರಾಧಿಕಾ ಚೆಂಡು ಹಿಡಿದು ಹೊರಗೆ ಬಂದಳು. ನೀರು ಹರಿದು ಕೇಬಲ್ಲಿನ ಮೇಲಿನ ಹಲಗೆ ಪಕ್ಕಕ್ಕೆ ಸರಿದದ್ದನ್ನು ಸಿದ್ದರಾಮಪ್ಪ ಗಮನಿಸಿರಲಿಲ್ಲ. ಕುರ್ಚಿಯಲ್ಲಿ ಅರ್ಧ ಕಣ್ಣು ಮುಚ್ಚಿದ್ದ. ಕಣ್ಣು ಬಿಟ್ಟಾಗ ಚೆಂಡು ಕೇಬಲ್ಲಿನ ಬದಿಯ ನೀರಿಗೆ ಉರುಳಿತ್ತು, ಮಗು ಬರಿಗಾಲಲ್ಲಿ ಅದರ ಹಿಂದೆ ಓಡಿತ್ತು, ಇನ್ನು ಎರಡು ಹೆಜ್ಜೆ. ಅವನು ಎದ್ದ. ಮಗು ಕೇಬಲ್ಲಿನ ಆ ತುದಿಗೆ, ಎದ್ದರೂ ಮುಟ್ಟುವಷ್ಟು ಹತ್ತಿರ ಇರಲಿಲ್ಲ. ಬಾಯಿ ಮಾತ್ರ ಇತ್ತು.

"ನಕೋ! ಥಾಂಬ!"

ಮಗು ಗಕ್ಕನೆ ನಿಂತಿತು. ಒಂದು ಕಾಲು ಎತ್ತಿದ್ದು ಎತ್ತಿದ ಹಾಗೇ. ಒಳಗಿನಿಂದ ವಿಜೇತಾ ಓಡಿ ಬಂದು ಅವಳನ್ನು ಬಾಚಿ ಎತ್ತಿಕೊಂಡಳು. ನೀರನ್ನು ನೋಡಿದಳು, ತಾಮ್ರವನ್ನು ನೋಡಿದಳು, ಮಾವನನ್ನು ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ, ಅವನ ಬಲಗೈಯನ್ನು ತನ್ನ ಕೈಯಲ್ಲಿ ಒಂದು ಕ್ಷಣ ಹಿಡಿದು, ಮಗುವನ್ನು ಒಳಗೆ ಕರೆದುಕೊಂಡು ಹೋದಳು.

ಸಿದ್ದರಾಮಪ್ಪ ಕುರ್ಚಿಗೆ ಕುಸಿದ. ಮಗು ಉಳಿಯಿತು, ಅದು ದೊಡ್ಡದು, ಅದಕ್ಕಿಂತ ದೊಡ್ಡದು ಯಾವುದಿದೆ? ಆದರೂ ಅವನ ಕಿವಿಯಲ್ಲಿ ತನ್ನದೇ ಕೂಗು ನಿಂತಿತ್ತು. ಯೋಚನೆ ಮಾಡಿ ಆಡಿದ ಮಾತಲ್ಲ ಅದು. ಬೇಡ, ನಿಲ್ಲು ಎಂದು, ಜೀವ ಹೋಗುವ ಹೊತ್ತಿಗೆ ತಾನಾಗಿ ಮರಾಠಿಯಲ್ಲಿ ಬಾಯಿಗೆ ಬಂದ ಮಾತು. ತನ್ನ ಭಾಷೆಯನ್ನು ತಾನೂ ನಂಬದಾಗಿದ್ದ, ಅದು ಅವನಿಗೆ ಆಗ ತಿಳಿಯಿತು.

"ಏನಾತ್ರಿ?" ದಾನವ್ವ ಒಳಗಿನಿಂದ ಕೂಗಿದಳು.

"ಕಾಹೀ ನಾಹೀ" ಎಂದ ಅವನು, ಏನಿಲ್ಲ ಎಂಬುದನ್ನೂ ಮರಾಠಿಯಲ್ಲೇ.

ದಾನವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು. ಅವನು ತಿರುಗಿ ತಮ್ಮ ಮಾತಿನಲ್ಲಿ ಹೇಳಲಿ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಅವನು ಕೇಬಲ್ಲನ್ನೇ ನೋಡುತ್ತ ಕೂತಿದ್ದ.

"ಬರಂ" ಎಂದು, ಆಗಲಿ ಎಂಬುದನ್ನು ತಾನೂ ಮರಾಠಿಯಲ್ಲೇ ಅಂದು, ದಾನವ್ವ ಒಳಗೆ ಹೋದಳು.